ಹದಿಮೂರನೇ ಮಹಡಿಯಲ್ಲಿ ಅಪ್ಪ

ಅಪ್ಪನಿಗೆ 70 ತುಂಬಿದ್ದು ಜನವರಿಯ ಒಂದು ಭಾನುವಾರ. ಏನು ಬೇಕು ಎಂದರೆ, "ಎಂ.ಜಿ. ರೋಡಲ್ಲಿ ಒಂದು ರೌಂಡ್ ಹಾಕ್ಕೊಂಡು ಬರೋಣ ಕಣಮ್ಮ" ಎಂದರು. 1978ರಿಂದ ನಾಲ್ಕು ವರ್ಷ ಅಲ್ಲೇ ಒಂದು ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಹಲಸೂರಿನಲ್ಲಿ ಬಾಡಿಗೆ ರೂಮು, ದಿನಾ ನಡೆದೇ ಓಡಾಟ. ಅರಸೀಕೆರೆಗೆ ವರ್ಗವಾದ ಮೇಲೆ ಬೆಂಗಳೂರು ಅಂದರೆ ಬರೀ ಮದುವೆ, ಆಸ್ಪತ್ರೆ.

ಸುಮ್ನೆ ರೌಂಡ್ ಯಾಕೆ, ಮೇಲಿಂದಲೇ ತೋರಿಸೋಣ ಅಂತ ನಾನು ಅದೇ ರಸ್ತೆಯ 13ನೇ ಮಹಡಿಯಲ್ಲಿರುವ ಒಂದು ಹೋಟೆಲಿನಲ್ಲಿ ಟೇಬಲ್ ಹೇಳಿಟ್ಟೆ.

ಬೇಗ ಬಂದಿದ್ದರಿಂದ ಮೊದಲು ಇಂಡಿಯಾ ಕಾಫಿ ಹೌಸ್‌ಗೆ ಹೋದೆವು. ಅದು 2009ರಲ್ಲೇ ಚರ್ಚ್ ಸ್ಟ್ರೀಟಿಗೆ ಬಂದಿದೆ ಅಂತ ಅಪ್ಪನಿಗೆ ಗೊತ್ತಿರಲಿಲ್ಲ. ಹಳೇ ಜಾಗ ಹುಡುಕಿ ಎಂ.ಜಿ. ರಸ್ತೆಯಲ್ಲಿ ಎರಡು ಸಲ ಹಿಂದೆ ಮುಂದೆ ನಡೆದರು. ಪೇಟ ಕಟ್ಟಿದ ಮಾಣಿ ಕಾಫಿ ತಂದಿಟ್ಟಾಗಲೇ ಮುಖ ಸಡಿಲವಾಗಿದ್ದು.

ಹೋಟೆಲಿನಲ್ಲಿ ಅಂಚಿನ ಟೇಬಲ್ಲೇ ಕೊಡ್ತೀವಿ ಅಂದಿದ್ದರು. ಹೋಗಿ ನೋಡಿದರೆ ಅದರಲ್ಲಿ ಯಾರದೋ ಕೇಕ್ ಕಟ್ಟಾಗುತ್ತಿತ್ತು. ನಮಗೆ ಸಿಕ್ಕಿದ್ದು ಒಳಗಿನ ಸಾಲು, ಎದುರಿಗೆ ಒಂದು ಕುಂಡದ ಗಿಡ. ನನಗೆ ಸಿಟ್ಟು ಬಂತು. ಅಪ್ಪ ಮಾತ್ರ ಮಫ್ಲರ್ ಸುತ್ತಿಕೊಂಡು ಎದ್ದು ಹೋಗಿ ಕಟ್ಟೆಯ ಹತ್ತಿರ ನಿಂತರು. ಬೆಂಗಳೂರೇ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಅದರ ಮೇಲೆ 13 ಮಹಡಿ. ಗಾಳಿ ಬೆನ್ನು ಹುರಿಗೇ ಇಳಿಯುತ್ತಿತ್ತು.

ಕೆಳಗೆ ಮೆಟ್ರೊ ಆಟದ ರೈಲಿನ ಹಾಗೆ ಹೋಯಿತು. "ಇಲ್ಲೇ ಅಲ್ವಾ ಬುಲೆವಾರ್ಡ್ ಇದ್ದಿದ್ದು? ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದಿದ್ದು ಅಲ್ಲೇ." ಪಕ್ಕದಲ್ಲಿ ಯುಟಿಲಿಟಿ ಬಿಲ್ಡಿಂಗ್. ಅವರ ಕಾಲದಲ್ಲಿ ಅದರ 25 ಅಂತಸ್ತು ನೋಡಲು ಊರಿನಿಂದ ಬಂದವರು ರಸ್ತೆಯಲ್ಲಿ ಕತ್ತೆತ್ತಿ ನಿಲ್ಲುತ್ತಿದ್ದರಂತೆ. "ಈಗ್ಲೂ ನಾವೇ ಕೆಳಗೆ ನೋಡು" ಎಂದು ನಕ್ಕರು.

ಕತ್ತಲಾದ ಮೇಲೆ ತೊಂದರೆ ಶುರುವಾಯಿತು. ಎಲ್ಲೆಲ್ಲೂ ದೀಪ. ಯಾವುದು ಎಲ್ಲಿ ಅಂತ ನನಗೇ ತಿಳಿಯಲಿಲ್ಲ. ಹದಿನೈದು ವರ್ಷದಿಂದ ಈ ಊರಲ್ಲಿದ್ದೇನೆ ಅಂತ ಹೇಳಿಕೊಳ್ಳೋಕೆ ನಾಚಿಕೆಯಾಯಿತು. ಅಪ್ಪ ದೀಪಗಳನ್ನು ಬಿಟ್ಟು ಕತ್ತಲನ್ನು ಹುಡುಕತೊಡಗಿದರು. "ಆ ಕಪ್ಪು ಚೌಕ ಪೆರೇಡ್ ಗ್ರೌಂಡ್. ಅದರಾಚೆ ಕಬ್ಬನ್ ಪಾರ್ಕ್. ಈ ಕಡೆ ಬಗ್ಗಿ ನೋಡು, ಅಲ್ಲಿ ದೀಪ ನಿಂತುಹೋಗಿದೆಯಲ್ಲ, ಅದೇ ಹಲಸೂರು ಕೆರೆ." ಮೂರು ಕಪ್ಪು ತೇಪೆ ಸಿಕ್ಕವು, ಮಿಕ್ಕ ಊರು ಅವುಗಳ ಸುತ್ತ ತಾನೇ ಕೂತುಕೊಂಡಿತು. ಭಾನುವಾರ ವಿಧಾನಸೌಧಕ್ಕೆ ದೀಪ ಹಾಕಿರುತ್ತಾರೆ ಅಂತ ಅದನ್ನೂ ಹುಡುಕಿದರು. ಯಾವುದೋ ಗೋಡೆ ಅಡ್ಡ ಬಂತು, ಕಾಣಲಿಲ್ಲ.

ಚಿನ್ನಸ್ವಾಮಿ ಸ್ಟೇಡಿಯಂ ಸಿಕ್ಕಿತು. ಪಂದ್ಯ ಇಲ್ಲದ ದಿನ, ಲೈಟ್ ಕಂಬಗಳು ಸುಮ್ಮನೆ ನಿಂತಿದ್ದವು. ಸರಿ, 1996ರ ಮಾರ್ಚ್ 9 ಶುರುವಾಯಿತು. ವಿಶ್ವಕಪ್ ಕ್ವಾರ್ಟರ್ ಫೈನಲ್, ಪಾಕಿಸ್ತಾನದ ಮೇಲೆ. ಸೊಹೈಲ್ ಫೋರ್ ಹೊಡೆದು ಬ್ಯಾಟ್ ತೋರಿಸಿದ್ದು, ಮುಂದಿನ ಬಾಲಿಗೇ ನಮ್ಮ ವೆಂಕಟೇಶ್ ಪ್ರಸಾದ್ ಸ್ಟಂಪ್ ಎಗರಿಸಿದ್ದು. ಅಪ್ಪ ಅದನ್ನು ನೋಡಿದ್ದು ಅರಸೀಕೆರೆಯ ಟಿವಿಯಲ್ಲಿ. ಆದರೆ ಮೇಲಿಂದ ಬೆರಳು ತೋರಿಸಿ ಹೇಳುವಾಗ ಗ್ಯಾಲರಿಯಲ್ಲೇ ಕೂತಿದ್ದ ಹಾಗಿತ್ತು. ನೀರು ತಂದ ಹುಡುಗನೂ ಜಗ್ ಹಿಡಿದು ಕೇಳುತ್ತಾ ನಿಂತ. ಅಂಚಿನ ಟೇಬಲ್ ಖಾಲಿಯಾಗಿದ್ದೇ ನಮ್ಮನ್ನು ಅಲ್ಲಿ ಕೂರಿಸಿದವನೂ ಅವನೇ.

ಊಟಕ್ಕೆ ಪಾರ್ಸಿಗಳ ಧನ್‌ಸಾಕ್ ಹೇಳಿದೆ, ತರಕಾರಿಯದ್ದು. ಬೇಳೆ, ಕುಂಬಳಕಾಯಿ, ಮಸಾಲೆ, ಜೊತೆಗೆ ಕಂದು ಬಣ್ಣದ ಅನ್ನ. ಅಪ್ಪ ಕಲಸಿ ಒಂದು ತುತ್ತು ತಿಂದು, "ನಮ್ಮ ಹುಳೀನೇ. ಹುಣಸೆಹಣ್ಣು ಕಮ್ಮಿ, ಸಿಹಿ ಜಾಸ್ತಿ" ಎಂದು ತೀರ್ಪು ಕೊಟ್ಟರು. ಅವರು ಕೈ ತೊಳೆಯಲು ಹೋದಾಗ ನಾನು ಫೋನಿನಲ್ಲಿ ನೋಡಿದೆ. ಪಾರ್ಸಿಗಳು ಇದನ್ನು ಶುಭ ದಿನಗಳಲ್ಲಿ ಮಾಡುವುದಿಲ್ಲವಂತೆ. ಸಾವಾದ ಮನೆಯಲ್ಲಿ ನಾಲ್ಕನೇ ದಿನ ಮಾಡುವ ಅಡುಗೆ! ಹುಟ್ಟುಹಬ್ಬಕ್ಕೆ ನಾನು ತರಿಸಿದ್ದು ಇದನ್ನ. ಹೇಳದೇ ಇರೋಣ ಅಂದುಕೊಂಡೆ, ಆಗಲಿಲ್ಲ. ಅಪ್ಪ ಒಂದು ಕ್ಷಣ ಬಟ್ಟಲು ನೋಡಿದರು. "ಬೇರೆ ದಿನ ತಿನ್ನಲ್ವಾ ಅವರು?" ಭಾನುವಾರ ಮಧ್ಯಾಹ್ನ ತಿಂತಾರಂತೆ ಎಂದೆ. "ಇವತ್ತು ಭಾನುವಾರಾನೇ. ಇನ್ನೊಂದು ಸೌಟು ಹಾಕು."

ಬಿಲ್ ಮಾತ್ರ ತೋರಿಸಲಿಲ್ಲ. 1978ರ ಸಂಬಳದಲ್ಲಿ ಎಷ್ಟು ತಿಂಗಳು ಅಂತ ಲೆಕ್ಕ ಹಾಕಿಬಿಡುತ್ತಾರೆ.

ತಮ್ಮನ ಮನೆ ವಿಜಯನಗರದಲ್ಲಿ, ಹಾಗಾಗಿ ಮೆಟ್ರೊ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಅಪ್ಪ ಆ ಕಟ್ಟಡದ ಮಹಡಿಗಳನ್ನು ಬೆರಳಲ್ಲಿ ಎಣಿಸತೊಡಗಿದರು, ನಾವು ಕೂತಿದ್ದ ಟೇಬಲ್ ಯಾವುದು ಅಂತ. ಒಂಬತ್ತಕ್ಕೆ ಬರುವಷ್ಟರಲ್ಲಿ ರೈಲು ಬಂತು.