ಕ್ಲಚ್ ಸುಟ್ಟಿದ್ದು ಎಂಜಿನ್ ತಪ್ಪಲ್ಲ, ಹಲ್ಲಿನ ಲೆಕ್ಕದ್ದು

ಮನೇಲೇ ಕಟ್ಟಿದ ಕಾರ್ಟಲ್ಲಿ (ಪೈಪ್ ಫ್ರೇಮಿನ ಪುಟ್ಟ ನಾಲ್ಕು ಚಕ್ರದ ಗಾಡಿ) ದಿಣ್ಣೆ ಅರ್ಧ ಹತ್ತಿದ್ದೆ ಅಷ್ಟೇ, ಹಿಂದಿಂದ ಸುಟ್ಟ ವಾಸನೆ ಬಂತು. ರಬ್ಬರ್ ಸುಟ್ಟಂಗಲ್ಲ, ಎಣ್ಣೆ ಸುಟ್ಟಂಗೂ ಅಲ್ಲ, ಬ್ರೇಕ್ ಲೈನರ್ ಕಾದಾಗ ಬರುತ್ತಲ್ಲ ಆ ತರದ ಘಾಟು. ಎಂಜಿನ್ ಕೂಗ್ತಾ ಇದೆ, ಆಕ್ಸಲೇಟರ್ ಪೂರ್ತಿ ಒತ್ತಿದೀನಿ, ಗಾಡಿ ಮಾತ್ರ ಇದ್ದಲ್ಲೇ ಇದೆ. ಆಫ್ ಮಾಡಿ ಇಳಿದು ಗಾರ್ಡ್ ಬಿಚ್ಚಿ ನೋಡಿದ್ರೆ ಎಂಜಿನ್ ಶಕ್ತಿ ಚಕ್ರಕ್ಕೆ ದಾಟಿಸೋ ಕ್ಲಚ್ಚಿನ ಹೊರಗಿನ ಡ್ರಮ್ ನೀಲಿ ಬಣ್ಣಕ್ಕೆ ತಿರುಗಿತ್ತು, ಅಂಚಲ್ಲಿ ಒಂಚೂರು ನೇರಳೆ, ಅದರ ಪಕ್ಕ ಒಣಹುಲ್ಲಿನ ಬಣ್ಣ. ಬಾಟ್ಲಿಂದ ಒಂದು ಹನಿ ನೀರು ಬಿಟ್ಟೆ, ಚುಂಯ್ ಅಂತ ಹಾರೋಯ್ತು. ಉಕ್ಕು ಆ ನೀಲಿಗೆ ಬರ್ಬೇಕು ಅಂದ್ರೆ ಹತ್ತತ್ರ 300 ಡಿಗ್ರಿ ಕಾದಿರ್ಬೇಕು.

ಕೆಳಗೆ ನಿಂತಿದ್ದ ತಮ್ಮ ಓಡಿ ಬಂದು ಹೇಳಿದ್ದು ಒಂದೇ ಮಾತು, "ಅಣ್ಣಾ, ಈ ಎಂಜಿನ್ ಸಾಲಲ್ಲ ಕಣೋ, ಇನ್ನೂ ದೊಡ್ಡದು ಹಾಕೋಣ." ಆಗ ನನಗೂ ಹಂಗೇ ಅನ್ನಿಸಿತ್ತು. ಆದ್ರೆ ಆ ಸಂಜೆ ಪೇಪರ್ ಪೆನ್ನು ಹಿಡ್ಕೊಂಡು ಲೆಕ್ಕ ಹಾಕಿದ ಮೇಲೆ ವಿಷಯಾನೇ ಬೇರೆ ಅಂತ ಗೊತ್ತಾಯ್ತು, ಈ ಪೋಸ್ಟ್ ಬರೀತಿರೋದೇ ಅದಕ್ಕೆ, ಯಾಕಂದ್ರೆ ಮನೇಲಿ ಕಾರ್ಟ್ ಕಟ್ಟೋ ತುಂಬಾ ಜನ ಇದೇ ಜಾಗದಲ್ಲಿ ಎಡವಿ ದುಡ್ಡು ತೆತ್ತು ದೊಡ್ಡ ಎಂಜಿನ್ ಹಾಕಿ ಅದರ ಕ್ಲಚ್ಚನ್ನೂ ಸುಡ್ತಾರೆ.

ಮೊದಲು ಗಾಡಿ ಬಗ್ಗೆ ಹೇಳ್ತೀನಿ. ಫ್ರೇಮ್‌ಗೆ ಒಂದೂಕಾಲು ಇಂಚಿನ ಉರುಟು ಪೈಪು, ಗೋಡೆ ದಪ್ಪ 2 ಎಂಎಂ ಮೇಲೆ. ಪೈಪಿಗೆ ಪೈಪು ಸೇರೋ ಕಡೆ ಮೀನಿನ ಬಾಯಿ ತರ ಗ್ರೈಂಡರಲ್ಲಿ ಕೊರೆದು ಕೂರಿಸಿದೀನಿ, ಇದಕ್ಕೆ ಸಮಯ ಕೊಟ್ಟಷ್ಟೂ ವೆಲ್ಡಿಂಗ್ ಚೆನ್ನಾಗಿ ಬರುತ್ತೆ, ಸಂದಿ ಬಿಟ್ಟು ರಾಡ್ ತುಂಬಿಸಿದ್ರೆ ನೋಡೋಕೆ ಗಟ್ಟಿ ಕಾಣುತ್ತೆ ಆದ್ರೆ ನಾಲ್ಕು ಗುಂಡಿ ಹಾರಿದ್ರೆ ಬಿರುಕು ಬಿಡುತ್ತೆ. ಎಲ್ಲಾನೂ ಸಮತಟ್ಟಾದ ನೆಲದ ಮೇಲೆ ಇಟ್ಟು ಬರೀ ಟ್ಯಾಕ್ (ಚುಕ್ಕಿ ಚುಕ್ಕಿ ವೆಲ್ಡ್) ಹಾಕಿ, ಎರಡೂ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಅಳತೆ ಒಂದೇ ಬರೋವರೆಗೂ ತಟ್ಟಿ ಸರಿಮಾಡಿ, ಆಮೇಲೆ ಒಂದ್ಸಲ ಈ ಕಡೆ ಒಂದ್ಸಲ ಆ ಕಡೆ ಅಂತ ಬದಲಾಯಿಸ್ತಾ ಪೂರ್ತಿ ವೆಲ್ಡ್ ಮಾಡ್ಬೇಕು. ಮುಂದಿನ ಭಾಗ ಹಂಗೇ ಮಾಡ್ದೆ. ಹಿಂದೆ ಬರೋ ಹೊತ್ತಿಗೆ ಆತುರ ಬಿತ್ತು, ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದು ಕಡೆಗೆ ಹೋದೆ, ಕಬ್ಬಿಣ ಆರ್ತಾ ಆರ್ತಾ 4 ಎಂಎಂ ಎಳ್ಕೊಂಡು ಬಿಡ್ತು. ನಾಲ್ಕೇ ಎಂಎಂ. ಅಷ್ಟಕ್ಕೇ ಆಕ್ಸಲ್ (ಹಿಂದಿನ ಚಕ್ರದ ಅಚ್ಚು) ಬೇರಿಂಗು ಎರಡೂ ನೇರಕ್ಕೆ ಬರ್ಲಿಲ್ಲ, ಚೈನ್ ಪದೇ ಪದೇ ಕಳಚ್ತಾ ಇತ್ತು. ಒಂದು ಬ್ರಾಕೆಟ್ ಕತ್ತರಿಸಿ ಮತ್ತೆ ಕೂರಿಸಿದ ಮೇಲೇ ನಿಂತಿದ್ದು.

ಎಂಜಿನ್ ಹೋಂಡಾ ಜಿಎಕ್ಸ್200 ತರದ್ದು, 196 ಸಿಸಿ, 3600 ಆರ್‌ಪಿಎಂಗೆ (ನಿಮಿಷಕ್ಕೆ ಅಷ್ಟು ಸುತ್ತು) ಬಂದ ಮೇಲೆ ಅದನ್ನ ಮೀರದಂಗೆ ಗವರ್ನರ್ ಹಿಡಿಯುತ್ತೆ. ಹಳೇ ನೀರಿನ ಪಂಪಿಂದ ಬಿಚ್ಚಿದ್ದು. ನೀವೂ ಪಂಪಿನ ಎಂಜಿನ್ ಹುಡುಕ್ತಿದ್ರೆ ಒಂದು ವಿಷಯ ಗಮನಿಸಿ, ಕೆಲವಕ್ಕೆ ಶಾಫ್ಟ್ ತುದೀಲಿ ಬೋಲ್ಟಿಗೆ ಇರೋ ತರ ಥ್ರೆಡ್ ಇರುತ್ತೆ, ಅದಕ್ಕೆ ಕ್ಲಚ್ ಕೂರಲ್ಲ, ಮುಕ್ಕಾಲು ಇಂಚಿನ ನೇರ ಶಾಫ್ಟು, ಕೀ (ಕ್ಲಚ್ ಜಾರದಂಗೆ ಹಿಡಿಯೋ ಚಿಕ್ಕ ತುಂಡು) ಕೂರೋ ಸೀಳು ಇರೋದೇ ಬೇಕು.

ಈಗ ಆ ಸಂಜೆ ಲೆಕ್ಕಕ್ಕೆ ಬರ್ತೀನಿ. ಕ್ಲಚ್ಚಲ್ಲಿ 10 ಹಲ್ಲು, ಆಕ್ಸಲ್ ಸ್ಪ್ರಾಕೆಟಲ್ಲಿ (ಚೈನ್ ಕೂರೋ ಹಲ್ಲಿನ ಚಕ್ರ) 40 ಹಲ್ಲು, ಅಂದ್ರೆ ಎಂಜಿನ್ ನಾಲ್ಕು ಸುತ್ತು ಸುತ್ತಿದ್ರೆ ಚಕ್ರ ಒಂದು ಸುತ್ತು. ಟೈರು 16 ಇಂಚು, ಒಂದು ಸುತ್ತಿಗೆ ಸುಮಾರು 1.28 ಮೀಟರ್ ಹೋಗುತ್ತೆ. 3600ರಲ್ಲಿ ಲೆಕ್ಕ ಹಾಕಿದ್ರೆ ಗಂಟೆಗೆ 69 ಕಿಲೋಮೀಟರ್ ಬರುತ್ತೆ, ಕಟ್ಟೋವಾಗ ಇಷ್ಟೇ ನೋಡಿ ಖುಷಿಪಟ್ಟಿದ್ದೆ. ನೋಡದೇ ಬಿಟ್ಟಿದ್ದು ಕಮ್ಮಿ ಸ್ಪೀಡಿನ ಲೆಕ್ಕ. ಈ ಸೆಂಟ್ರಿಫ್ಯೂಗಲ್ ಕ್ಲಚ್ ಒಳಗೆ ಸ್ಪ್ರಿಂಗ್ ಹಿಡಿದಿರೋ ಶೂಗಳು ಇರ್ತಾವೆ, ಎಂಜಿನ್ ಜೋರಾಗಿ ತಿರುಗಿದಾಗ ಅವು ಆಚೆ ಹಾರಿ ಡ್ರಮ್ ಹಿಡೀತಾವೆ, ನನ್ನದು ಸುಮಾರು 2000 ಆರ್‌ಪಿಎಂಗೆ ಹಿಡಿಯುತ್ತೆ. ಆ 2000ಕ್ಕೆ ನನ್ನ ಗಾಡಿ ಸ್ಪೀಡ್ ಎಷ್ಟು ಅಂತ ನೋಡಿದ್ರೆ ಗಂಟೆಗೆ 38 ಕಿಲೋಮೀಟರ್! ಅಂದ್ರೆ 38ಕ್ಕಿಂತ ಕಮ್ಮಿ ಸ್ಪೀಡಲ್ಲಿ ಇರೋ ಅಷ್ಟೂ ಹೊತ್ತು ಶೂಗಳು ಡ್ರಮ್ಮಿಗೆ ಉಜ್ಜಾಡ್ತಾನೇ ಇರುತ್ತೆ. ಮಣ್ಣಲ್ಲಿ, ಕಲ್ಲಲ್ಲಿ, ದಿಣ್ಣೇಲಿ ಯಾರು 38ರಲ್ಲಿ ಹೋಗ್ತಾರೆ, ಹೋಗೋದೇ ಹತ್ತು ಹದಿನೈದರಲ್ಲಿ. ಎಂಜಿನ್ ಶಕ್ತಿಯೆಲ್ಲಾ ಚಕ್ರಕ್ಕೆ ಹೋಗೋ ಬದಲು ಡ್ರಮ್ ಕಾಯಿಸೋಕೆ ಹೋಗ್ತಿತ್ತು. ದೊಡ್ಡ ಎಂಜಿನ್ ಹಾಕಿದ್ರೆ ಇನ್ನೂ ಬೇಗ ಕಾಯ್ತಿತ್ತು ಅಷ್ಟೇ.

ತಮ್ಮನ್ನ ಕರೆದು ತೋರಿಸ್ದೆ. ಸ್ವಲ್ಪ ಹೊತ್ತು ಪೇಪರ್ ನೋಡಿ, "ಹಂಗಾದ್ರೆ ಹಿಂದಿನ ಸ್ಪ್ರಾಕೆಟ್ ದೊಡ್ಡದು ಮಾಡು" ಅಂದ. ಸರಿಯಾದ ಮಾತೇ. 60 ಹಲ್ಲಿಂದು ಹಾಕಿದ್ವಿ. ಕ್ಲಚ್ ಗಟ್ಟಿಯಾಗಿ ಹಿಡಿಯೋ ಸ್ಪೀಡು 25 ಕಿಲೋಮೀಟರಿಗೆ ಇಳೀತು, ಹಿಂದಿಗಿಂತ ಎಷ್ಟೋ ವಾಸಿ ಆದ್ರೂ ದಿಣ್ಣೇಲಿ ಇನ್ನೂ ವಾಸನೆ ಬರ್ತಿತ್ತು, ಜೊತೆಗೆ ಹೊಸ ತಲೆನೋವು ಶುರುವಾಯ್ತು. 420 ಅಳತೆಯ ಚೈನಿಗೆ 60 ಹಲ್ಲಿನ ಸ್ಪ್ರಾಕೆಟ್ ಅಂದ್ರೆ ಅಡ್ಡಕ್ಕೆ 25 ಸೆಂಟಿಮೀಟರ್ ಹತ್ರ, ಅದರ ಕೆಳಗಿನ ಅಂಚಿಗೂ ನೆಲಕ್ಕೂ ಉಳಿಯೋ ಜಾಗ ಬರೀ 8 ಸೆಂಟಿಮೀಟರ್. ಮೂರನೇ ದಿನ ಒಂದು ಕಲ್ಲಿಗೆ ತಗುಲಿ ಎರಡು ಹಲ್ಲು ಬಾಗಿದ್ವು, ಚೈನ್ ಕಿತ್ಕೊಂಡು ಹೋಯ್ತು. ಗಾರ್ಡ್ ಇದ್ದಿದ್ದಕ್ಕೆ ಬೆನ್ನಿಗೆ ಬೀಳ್ಲಿಲ್ಲ. ಚೈನ್ ಗಾರ್ಡ್ ಇಲ್ಲದ ಕಾರ್ಟಲ್ಲಿ ದಯವಿಟ್ಟು ಯಾರೂ ಕೂರ್ಬೇಡಿ, ಮಕ್ಕಳನ್ನಂತೂ ಕೂರಿಸ್ಲೇಬೇಡಿ.

ಕೊನೆಗೆ ಕ್ಲಚ್ ತೆಗೆದು ಟಾರ್ಕ್ ಕನ್ವರ್ಟರ್ ಹಾಕ್ದೆ. ಹೆಸರು ಹಂಗೆ, ಆದ್ರೆ ಕಾರಿನ ಆಟೋಮ್ಯಾಟಿಕ್ ಗೇರಲ್ಲಿ ಇರೋದಲ್ಲ ಇದು, ಸ್ಕೂಟರಲ್ಲಿ ಇರುತ್ತಲ್ಲ ಬೆಲ್ಟು ಮತ್ತೆ ಅಗಲ ಕಮ್ಮಿ ಜಾಸ್ತಿ ಆಗೋ ಎರಡು ಪುಲ್ಲಿ, ಅದೇ ಸಿವಿಟಿ. ನಿಂತಲ್ಲಿಂದ ಹೊರಡೋವಾಗ ಎಂಜಿನ್ಗೂ ಪುಲ್ಲಿಗೂ ಸುತ್ತಿನ ಲೆಕ್ಕ 2.7ಕ್ಕೆ 1, ಓಡ್ತಾ ಓಡ್ತಾ 0.9ಕ್ಕೆ 1ರವರೆಗೂ ತಾನೇ ಬದಲಾಗುತ್ತೆ. ಇದು ಬಂದ ಮೇಲೆ ದೊಡ್ಡ ಸ್ಪ್ರಾಕೆಟ್ ಬೇಕಾಗ್ಲಿಲ್ಲ, 50 ಹಲ್ಲಿಗೆ ಇಳಿಸಿದೆ, ನೆಲದಿಂದ ಹತ್ತು ಸೆಂಟಿಮೀಟರ್ ಹತ್ರ ಜಾಗ ಸಿಕ್ತು, ಕೆಳಗೊಂದು ದಪ್ಪ ತಗಡಿನ ಪ್ಲೇಟನ್ನೂ ಕೊಟ್ಟೆ. ಈಗ ಎಲ್ಲಾ ಸೇರಿ ಹೊರಡೋವಾಗ (2.7 ಇಂಟು 5) 13.5ಕ್ಕೆ 1, ಹನ್ನೊಂದು ಹನ್ನೆರಡು ಕಿಲೋಮೀಟರ್ ಸ್ಪೀಡಿಗೇ ಬೆಲ್ಟ್ ಗಟ್ಟಿಯಾಗಿ ಹಿಡ್ಕೊಂಡು ಬಿಡುತ್ತೆ. ಒಂದೇ ತೊಂದರೆ, ಬೆಲ್ಟ್ ಒದ್ದೆ ಆದ್ರೆ ಜಾರುತ್ತೆ, ಕೆಸರು ಸಿಡಿಯೋ ಕಡೆ ಕವರ್ ಇರ್ಲೇಬೇಕು.

ಸ್ಟೀರಿಂಗ್ ಬಗ್ಗೆ ಹೇಳದೇ ಹೋದ್ರೆ ಅರ್ಧ ಕತೆ ಆಗುತ್ತೆ. ಮೊದಲು ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲ ತಿರುಗೋ ಕೀಲಿನ ಪಿನ್) ನೆಟ್ಟಗೆ ನಿಲ್ಲಿಸಿದ್ದೆ, ನೋಡೋಕೆ ಚೆಂದ ಇತ್ತು. ಓಡಿಸೋಕೆ ಹೋದ್ರೆ ಒಂದೊಂದು ಕಲ್ಲಿಗೂ ಸ್ಟೀರಿಂಗ್ ಕೈಯಿಂದ ಕಿತ್ಕೊಳ್ತಿತ್ತು, ತಿರುವು ಮುಗಿದ ಮೇಲೂ ತಾನಾಗಿ ನೇರಕ್ಕೆ ಬರ್ತಿರ್ಲಿಲ್ಲ, ಅರ್ಧ ಗಂಟೆ ಓಡಿಸಿದ್ರೆ ಭುಜ ಬಿದ್ದು ಹೋಗ್ತಿತ್ತು. ಬ್ರಾಕೆಟ್ ಕತ್ತರಿಸಿ ಕಿಂಗ್‌ಪಿನ್ ತಲೆ ಹಿಂದಕ್ಕೆ ಬಾಗೋ ಹಾಗೆ 12 ಡಿಗ್ರಿ ಓರೆ, ಅಂದ್ರೆ ಕ್ಯಾಸ್ಟರ್, ಕೊಟ್ಟೆ. ಅದೇ ಗಾಡಿನಾ ಅನ್ನೋ ಹಾಗಾಯ್ತು. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿ ಇರೋದು ಇದೇ ಕೆಲಸಕ್ಕೆ. ಮುಂದಿನ ಚಕ್ರ ತಿರುಗಿಸೋ ಟೈ ರಾಡ್ ಕೂರೋ ತೋಳುಗಳನ್ನೂ ಆಗಲೇ ಬದಲಾಯಿಸಿದೆ, ಕಿಂಗ್‌ಪಿನ್ನಿಂದ ತೋಳಿನ ತುದಿ ದಾಟಿ ದಾರ ಎಳೆದ್ರೆ ಎರಡೂ ದಾರ ಹಿಂದಿನ ಆಕ್ಸಲ್ ಮಧ್ಯದ ಹತ್ರ ಸೇರ್ಬೇಕು, ಆಗ ತಿರುವಲ್ಲಿ ಒಳಗಿನ ಚಕ್ರ ಜಾಸ್ತಿ ತಿರುಗುತ್ತೆ. ಇದಕ್ಕೆ ಆಕರ್ಮನ್ ಅಂತಾರೆ. 1818ರಲ್ಲಿ ಇಂಗ್ಲೆಂಡಲ್ಲಿ ಪೇಟೆಂಟ್ ಮಾಡಿಸಿದ್ದು ರುಡಾಲ್ಫ್ ಆಕರ್ಮನ್, ಆದ್ರೆ ಯೋಚನೆ ಅವರದಲ್ಲ, ಮ್ಯೂನಿಕ್‌ನ ಲಾಂಕೆನ್ಸ್‌ಪರ್ಗರ್ ಅನ್ನೋ ಸಾರೋಟು ಕಟ್ಟೋರದ್ದು. ಕುದುರೆಗಾಡಿಗೆ ಅಂತ ಹುಟ್ಟಿದ ಲೆಕ್ಕ ನನ್ನ ಗ್ಯಾರೇಜಲ್ಲಿ ದಾರ ಕಟ್ಟಿ ನೋಡೋವಾಗ ಹಂಗೇ ಕೂತಿದ್ದು ನೋಡಿ ನನಗೆ ನಿಜವಾಗ್ಲೂ ಮೈ ಜುಮ್ ಅಂತು.

ಹಿಂದೆ ಡಿಫರೆನ್ಷಿಯಲ್ (ತಿರುವಲ್ಲಿ ಎರಡು ಚಕ್ರ ಬೇರೆ ಬೇರೆ ಸ್ಪೀಡಲ್ಲಿ ಸುತ್ತೋಕೆ ಬಿಡೋ ಗೇರು) ಇಲ್ಲ, ಎರಡೂ ಚಕ್ರ ಒಂದೇ ಆಕ್ಸಲಿಗೆ ಬಿಗಿದಿದೀನಿ. ಗಟ್ಟಿ ರಸ್ತೇಲಿ ಇದು ತಿರುಗೋಕೆ ಮೊಂಡು ಮಾಡುತ್ತೆ, ಮಣ್ಣಲ್ಲಿ ಒಂದು ಚಕ್ರ ಜಾರಿ ಸರಿಹೋಗುತ್ತೆ. ಒಂದೇ ಡಿಸ್ಕ್ ಬ್ರೇಕ್ ಎರಡೂ ಚಕ್ರ ಹಿಡಿಯೋದೂ ಇದರಿಂದಾನೇ. ಸಸ್ಪೆನ್ಷನ್ ಇನ್ನೂ ಇಲ್ಲ, ಟೈರಲ್ಲಿ 6 ಪಿಎಸ್‌ಐ ಗಾಳಿ ಇಟ್ಟು ಅದನ್ನೇ ಸ್ಪ್ರಿಂಗ್ ಅಂದ್ಕೊಂಡು ಓಡಿಸ್ತಿದೀನಿ. 1956ರಲ್ಲಿ ಅಮೆರಿಕದಲ್ಲಿ ಆರ್ಟ್ ಇಂಗಲ್ಸ್ ಹುಲ್ಲು ಕತ್ತರಿಸೋ ಮೆಷಿನ್ನಿನ ಎಂಜಿನ್ ಹಾಕಿ ಮೊದಲ ಕಾರ್ಟ್ ಕಟ್ಟಿದಾಗಿಂದ ರೇಸ್ ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ಆದ್ರೆ ಅದು ಓಡಿದ್ದು ಸಮನಾದ ನೆಲದ ಮೇಲೆ.

ಗವರ್ನರ್ ತೆಗೆದ್ರೆ ಇನ್ನೂ ಸ್ಪೀಡ್ ಬರುತ್ತೆ ಅಂತ ತುಂಬಾ ಜನ ಹೇಳಿದ್ರು. ನಾನು ತೆಗೆದಿಲ್ಲ, ತೆಗೆಯೋದೂ ಇಲ್ಲ. ಒಳಗಿನ ಕನೆಕ್ಟಿಂಗ್ ರಾಡು, ಎರಕದ ಫ್ಲೈವೀಲು ಮಾಡಿರೋದೇ 3600ಕ್ಕೆ, ಅದನ್ನ ಮೀರಿ ತಿರುಗಿಸಿ ಫ್ಲೈವೀಲ್ ಒಡೆದ್ರೆ ಚೂರು ಹಾರೋದು ನಿಮ್ಮ ಬೆನ್ನಿನ ಕಡೆಗೇ. ನಾನು ಕೈ ಹಾಕಿದ್ದು ಥ್ರಾಟಲ್ ವಾಪಸ್ ಎಳೆಯೋಕೆ ಒಂದರ ಬದಲು ಎರಡು ಸ್ಪ್ರಿಂಗ್, ಸ್ಟೀರಿಂಗ್ ಮೇಲೆ ಎಂಜಿನ್ ನಿಲ್ಲಿಸೋ ಒಂದು ಕಿಲ್ ಸ್ವಿಚ್, ಅದರ ದಾರ ನನ್ನ ಮಣಿಕಟ್ಟಿಗೆ. ಇದೊಂದು ದಿನ ಕೆಲಸಕ್ಕೆ ಬಂತು. ಕೇಬಲ್ ಒಳಗೆ ಕೆಸರು ಒಣಗಿ ಥ್ರಾಟಲ್ ತೆರೆದೇ ನಿಂತ್ಕೊಂಡಿತ್ತು, ಮುಂದೆ ತಂತಿಬೇಲಿ, ಕೈ ಎಳೆದೆ, ಎಂಜಿನ್ ನಿಂತಿತು. ಬೇಲಿಗೂ ಗಾಡಿಗೂ ಎರಡು ಮಾರು ಇತ್ತು. ಅವತ್ತೇ ಕೇಬಲ್ ತುದಿಗೆ ರಬ್ಬರ್ ಟೋಪಿ ಹಾಕ್ದೆ.

ಹೋದ ಭಾನುವಾರ ಮತ್ತೆ ಅದೇ ದಿಣ್ಣೆಗೆ ಹೋಗಿದ್ವಿ. ಮತ್ತೆ ಮತ್ತೆ ಮೇಲೆ ಹತ್ತಿ ಇಳಿದು, ಆರನೇ ಸಲಕ್ಕೆ ತಮ್ಮನೂ ಓಡಿಸಿ ಹತ್ತಿಸಿದ, ಎಂಜಿನ್ ಕೂಗ್ಲಿಲ್ಲ, ಗುಡುಗುಡು ಅಂತ ಒಂದೇ ಸದ್ದಲ್ಲಿ ಎಳ್ಕೊಂಡು ಹೋಯ್ತು. ಮೇಲೆ ನಿಲ್ಲಿಸಿ ಬೆಲ್ಟ್ ಕವರ್ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಕೈ ಇಟ್ಕೊಂಡು ನಿಲ್ಲೋಷ್ಟು. ಮುಂದಿನ ಕೆಲಸ ಹಿಂದಿನ ಸ್ವಿಂಗ್ ಆರ್ಮ್ (ಆಕ್ಸಲ್ ಹೊತ್ತು ಮೇಲೆ ಕೆಳಗೆ ಆಡೋ ತೋಳು), ಅದರ ಕೀಲು ಚೈನ್ ಎಳೆಯೋ ಜಾಕ್‌ಶಾಫ್ಟಿನ ನೇರಕ್ಕೇ ಬರ್ಬೇಕು, ಇಲ್ಲಾಂದ್ರೆ ಆರ್ಮ್ ಆಡಿದಾಗೆಲ್ಲಾ ಚೈನ್ ಒಂದ್ಸಲ ಬಿಗಿ ಒಂದ್ಸಲ ಸಡಿಲ ಆಗುತ್ತೆ. ಪೈಪ್ ಕತ್ತರಿಸಿ ಇಟ್ಟಿದೀನಿ, ಈ ಸಲ ಎರಡೂ ಕಡೆ ಬದಲಾಯಿಸ್ತಾ ವೆಲ್ಡ್ ಮಾಡ್ತೀನಿ.