ಕೆಎಂಪಿಎಕ್ಸ್ ಅನ್ನೋ ರಾಕ್ ಸ್ಟೇಷನ್

ಎಫ್ಎಂ ರಾಕ್ ರೇಡಿಯೋ ಬಗ್ಗೆ ಓದೋಕೆ ಕೂತಾಗೆಲ್ಲ ನಾನು ಸ್ಯಾನ್ ಫ್ರಾನ್ಸಿಸ್ಕೋದ ಕೆಎಂಪಿಎಕ್ಸ್ ಹತ್ರಾನೇ ಬಂದು ನಿಂತ್ಬಿಡ್ತೀನಿ. 1960ರ ದಶಕದಲ್ಲಿ ಅಮೆರಿಕದಲ್ಲಿ ಹಿಟ್ ಹಾಡೆಲ್ಲ ಹಳೇ ಥರದ ಎಎಂ ರೇಡಿಯೋದಲ್ಲೇ, ಮೂರು ನಿಮಿಷದ ಹಾಡು, ಮಧ್ಯ ಡೀಜೆ ಅಬ್ಬರ, ಮತ್ತೆ ಅದೇ ಹಾಡು. ಎಫ್ಎಂ ಸೌಂಡ್ ಎಷ್ಟೋ ಕ್ಲೀನು, 1961ರಿಂದ ಸ್ಟೀರಿಯೋನೂ ಬಂದಿತ್ತು, ಆದ್ರೂ ತುಂಬಾ ಓನರ್‌ಗಳು ತಮ್ಮ ಎಎಂ ಸ್ಟೇಷನ್ನಿನ ಪ್ರೋಗ್ರಾಮನ್ನೇ ಎಫ್ಎಂನಲ್ಲೂ ಹಾಕಿ ಸುಮ್ನಾಗ್ತಿದ್ರು. ದೊಡ್ಡ ಊರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಹಾಗೆ ಮಾಡಂಗಿಲ್ಲ ಅಂತ ಅಲ್ಲಿನ ಸರ್ಕಾರದ ರೇಡಿಯೋ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ರೂಲ್ ತಂದ್ಮೇಲೇ ಎಫ್ಎಂನಲ್ಲಿ ಹೊಸದಕ್ಕೆ ಜಾಗ ಆಗಿದ್ದು.

ಕೆಎಂಪಿಎಕ್ಸ್‌ನಲ್ಲಿ ಮೊದ್ಲು ಬೇರೆ ಬೇರೆ ಭಾಷೆಯವರ ಪ್ರೋಗ್ರಾಂ ಬರ್ತಿತ್ತು. 1967ರ ಶುರುವಲ್ಲಿ ಲ್ಯಾರಿ ಮಿಲ್ಲರ್ ಅನ್ನೋ ಡೀಜೆ ಮಧ್ಯರಾತ್ರಿ ಮೇಲೆ ಫೋಕ್, ರಾಕ್ ಹಾಕೋಕೆ ಶುರು ಮಾಡಿದ್ರು, ಏಪ್ರಿಲ್‌ನಲ್ಲಿ ಟಾಮ್ ಡೊನಹ್ಯೂ ಅನ್ನೋ ಇನ್ನೊಬ್ಬ ಡೀಜೆ ಸಂಜೆ ಹೊತ್ತಿಗೆ ಬಂದ್ರು. ಆಮೇಲೆ ನೋಡಿ, ಆಲ್ಬಮ್ಮಿನ ಉದ್ದುದ್ದ ಹಾಡು ಪೂರ್ತಿ, ಬ್ಲೂಸ್ ಪಕ್ಕ ಜಾಝ್, ಮೆಲ್ಲಗೆ ಮನೇಲಿ ಕೂತು ಮಾತಾಡೋ ಥರ ದನಿ. ಡೀಜೆ ತನ್ನ ಮನಸ್ಸಿಗೆ ಬಂದಿದ್ದನ್ನ ಆರಿಸಿ ಹಾಕ್ಬಹುದು ಅನ್ನೋದೇ ಇದರ ಜೀವ, ಅದಿಲ್ದೆ ರಾಕ್ ರೇಡಿಯೋ ಅನ್ನೋದಕ್ಕೆ ಅರ್ಥಾನೇ ಇಲ್ಲ ಅನ್ಸತ್ತೆ ನಂಗೆ.

ಒಂದೇ ವರ್ಷ ಅಷ್ಟೇ. 1968ರ ಮಾರ್ಚ್‌ನಲ್ಲಿ ಸ್ಟಾಫ್ ಸ್ಟ್ರೈಕ್ ಮಾಡಿ ಹೊರಗೆ ಬಂದ್ರು, ಮೇ ಹೊತ್ತಿಗೆ ಡೊನಹ್ಯೂ ಮತ್ತೆ ಸುಮಾರು ಜನ ಅದೇ ಊರಿನ ಇನ್ನೊಂದು ಸ್ಟೇಷನ್ ಕೆಎಸ್‌ಎಎನ್ ಸೇರಿದ್ರು. 1975ರಲ್ಲಿ ಡೊನಹ್ಯೂ ತೀರ್ಕೊಂಡ್ರು, 1980ರಲ್ಲಿ ಆ ಸ್ಟೇಷನ್ನೂ ಕಂಟ್ರಿ ಮ್ಯೂಸಿಕ್‌ಗೆ ಹೋಯ್ತು. ಅದನ್ನ ಓದುವಾಗ ಈಗ್ಲೂ ಹೊಟ್ಟೆಯಲ್ಲಿ ಸಂಕಟ ಆಗತ್ತೆ.