ಹಳೆಯ ಸ್ಪೀಡಿಂಗ್ ಟಿಕೆಟ್ಟನ್ನು ಅರ್ಜಿಯಲ್ಲಿ ಬರೆಯಬೇಕೇ?

ಅಮೆರಿಕದಲ್ಲಿ ಪೈಲಟ್ ತರಬೇತಿ ಮುಗಿಸಿ ಹಾರಾಟದ ಗಂಟೆ ಕೂಡಿಹಾಕುತ್ತಿರುವ ನಮ್ಮ ಹುಡುಗರು ನನಗೆ ಫೋನ್ ಮಾಡುವುದು ಹೆಚ್ಚಾಗಿ ರಾತ್ರಿ ಹತ್ತರ ಮೇಲೆ. ಹವಾಮಾನ, ಚೆಕ್‌ರೈಡ್ (ಹಾರಾಟದ ಪರೀಕ್ಷೆ), ಸಂಬಳ ಎಂದು ಎಲ್ಲೆಲ್ಲೋ ಸುತ್ತಾಡಿ, ಕೊನೆಗೆ ದನಿ ತಗ್ಗಿಸಿ ಕೇಳುತ್ತಾರೆ: "ಸರ್, ಕಾಲೇಜಿನಲ್ಲಿದ್ದಾಗ ಒಂದು ಸ್ಪೀಡಿಂಗ್ ಟಿಕೆಟ್ ಬಿದ್ದಿತ್ತು. ಏರ್‌ಲೈನ್ ಅರ್ಜಿಯಲ್ಲಿ ಅದನ್ನೂ ಬರೆಯಬೇಕೇ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ದನಿ ಅದು. ಟಿಕೆಟ್ ಎಂದರೆ ವೇಗಮಿತಿ ಮೀರಿ ಓಡಿಸಿದ್ದಕ್ಕೆ ಪೊಲೀಸರು ಬರೆದುಕೊಡುವ ದಂಡದ ಚೀಟಿ. ಕಳೆದ ವಾರವೂ ಒಬ್ಬ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಮುಂದಿನವರಿಗೆ ಇದನ್ನೇ ಓದಲು ಹೇಳಿ ಬೇಗ ಮಲಗಬಹುದೆಂಬ ಸ್ವಾರ್ಥವೂ ಇದೆ.

ಅರ್ಜಿ ಕೇಳಿದ್ದರೆ ಬರೆಯಬೇಕು. ಕೇಳಿದಷ್ಟನ್ನೂ ಬರೆಯಬೇಕು, ಕೇಳದಿದ್ದನ್ನು ತಂದು ತುಂಬಬೇಕಾಗಿಲ್ಲ. ಹಾಗಾಗಿ ಟಿಕೆಟ್ ಎಷ್ಟು ಹಳೆಯದು ಎಂದು ಲೆಕ್ಕ ಹಾಕುವ ಮೊದಲು ಪ್ರಶ್ನೆಯನ್ನು ಓದಿ. ಇದನ್ನು ಹೇಳಿದರೆ "ಓದಿದ್ದೇನೆ ಸರ್" ಎನ್ನುತ್ತಾರೆ. ಗಟ್ಟಿಯಾಗಿ ಓದಿ ಹೇಳಪ್ಪ ಎಂದಾಗ ಗೊತ್ತಾಗುತ್ತದೆ, ಕಣ್ಣು ಹಾಯಿಸಿದ್ದಾರೆ ಅಷ್ಟೆ.

ಒಂದು ಸಂಸ್ಥೆಯ ಅರ್ಜಿ "ಕಳೆದ ಹತ್ತು ವರ್ಷಗಳಲ್ಲಿ" ಎನ್ನುತ್ತದೆ, ಇನ್ನೊಂದು "ಎಂದಾದರೂ" ಎನ್ನುತ್ತದೆ. ಒಂದು ಕಡೆ "ತಪ್ಪಿತಸ್ಥರೆಂದು ತೀರ್ಮಾನವಾಗಿದೆಯೇ" ಎಂದಿರುತ್ತದೆ, ಮತ್ತೊಂದು ಕಡೆ "ಪೊಲೀಸರು ನಿಮಗೆ ಟಿಕೆಟ್ ಕೊಟ್ಟಿದ್ದಾರೆಯೇ" ಎಂದಿರುತ್ತದೆ. ಇವೆರಡರ ನಡುವೆ ಅಜಗಜಾಂತರ. ಟಿಕೆಟ್ ಬಿತ್ತು, ಕೋರ್ಟಿಗೆ ಹೋದಿರಿ, ನ್ಯಾಯಾಧೀಶರು ವಜಾ ಮಾಡಿದರು ಎಂದುಕೊಳ್ಳಿ. ಮೊದಲ ಪ್ರಶ್ನೆಗೆ ನಿಮ್ಮ ಉತ್ತರ "ಇಲ್ಲ", ಎರಡನೆಯದಕ್ಕೆ "ಹೌದು". ಕೊನೆಗೆ ಏನೇ ಆಗಿರಲಿ, ಟಿಕೆಟ್ ಕೊಟ್ಟಿದ್ದಂತೂ ನಿಜ. ಪಾರ್ಕಿಂಗ್ ದಂಡವನ್ನು ಬಿಡಿ ಎಂದು ಕೆಲವು ಅರ್ಜಿಗಳೇ ಹೇಳುತ್ತವೆ. ವಾಹನ ಓಡುತ್ತಿದ್ದಾಗ ಮಾಡಿದ ತಪ್ಪುಗಳನ್ನು ಮಾತ್ರ ಕೇಳುವವೂ ಇವೆ. ಬಂಧನದ ಪ್ರಶ್ನೆ, ಲೈಸೆನ್ಸ್ ಅಮಾನತಿನ ಪ್ರಶ್ನೆ ಬೇರೆ ಬೇರೆ ಸಾಲಿನಲ್ಲಿರುತ್ತವೆ. ನಾಲ್ಕು ಸಂಸ್ಥೆಗಳಿಗೆ ಅರ್ಜಿ ಹಾಕುವವನು ಒಂದರ ಉತ್ತರವನ್ನು ಇನ್ನೊಂದಕ್ಕೆ ಹಾಗೆಯೇ ಅಂಟಿಸಿದರೆ ಎಡವುವುದು ಇಲ್ಲೇ.

ನಾನು ಎಡವಿದ್ದೂ ಇಲ್ಲೇ. ಟೆಕ್ಸಸ್‌ನಲ್ಲಿ ತರಬೇತಿ ಪಡೆಯುತ್ತಿದ್ದ ಕಾಲ. ಒಂದು ಬೆಳಗ್ಗೆ ವಿಮಾನ ನಿಲ್ದಾಣಕ್ಕೆ ತಡವಾಗಿ ಹೊರಟವನು ಗಂಟೆಗೆ 65 ಮೈಲಿ ವೇಗಮಿತಿಯ ರಸ್ತೆಯಲ್ಲಿ 82ರಲ್ಲಿ ಓಡಿಸಿ ಸಿಕ್ಕಿಬಿದ್ದೆ. ಸುರಕ್ಷಿತ ಚಾಲನೆಯ ತರಗತಿಗೆ ಕೂತು ಪ್ರಮಾಣಪತ್ರ ತಂದುಕೊಟ್ಟರೆ ಇಂಥ ಪ್ರಕರಣಗಳನ್ನು ಅಲ್ಲಿ ವಜಾ ಮಾಡುತ್ತಾರೆ. ನನ್ನದೂ ವಜಾ ಆಯಿತು. ಮುಗಿಯಿತು ಎಂದುಕೊಂಡೆ, ಆಮೇಲೆ ನಿಜವಾಗಿಯೂ ಮರೆತೆ. ಏಳೆಂಟು ವರ್ಷ ಕಳೆದು ಏರ್‌ಲೈನ್ ಅರ್ಜಿ ತುಂಬುವಾಗ ರಾಜ್ಯದಿಂದ ತರಿಸಿದ ಚಾಲನಾ ದಾಖಲೆ ಶುಭ್ರವಾಗಿತ್ತು. ಎಂದಾದರೂ ಟಿಕೆಟ್ ಬಿದ್ದಿದೆಯೇ ಎಂಬ ಪ್ರಶ್ನೆಗೆ ಧೈರ್ಯವಾಗಿ "ಇಲ್ಲ" ಎಂದು ಗುರುತು ಹಾಕಿದೆ.

ಸಂದರ್ಶನಕ್ಕೆ ಕರೆ ಬಂದ ವಾರವೇ ಹಳೆಯ ಕಾರನ್ನು ಮಾರಿದೆ. ಕೊಳ್ಳುವವನಿಗೆ ಕೊಡಲೆಂದು ಕೈಪಿಡಿಯನ್ನು ತೆಗೆದು ಕೊಡವಿದರೆ ಒಳಗಿನಿಂದ ನಾಲ್ಕು ಮಡಿಕೆಯ ಹಳದಿ ಕಾಗದ ಬಿತ್ತು. ಮಡಿಕೆ ಬಿದ್ದಲ್ಲಿ ಶಾಯಿ ಅಳಿಸಿತ್ತು, ಆದರೆ 82 ಎಂಬುದು ಚೆನ್ನಾಗಿಯೇ ಕಾಣುತ್ತಿತ್ತು. ಆ ಕಾಗದವನ್ನು ಹರಿದು ಎಸೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದಿಡೀ ಸಂಜೆ ಬಂತು.

ಸಂದರ್ಶನದ ಕೋಣೆಯಲ್ಲಿ ಕೂತ ಕೂಡಲೇ, ಅವರು ಬಾಯಿ ತೆರೆಯುವ ಮೊದಲೇ, ತಿದ್ದುಪಡಿಯ ಒಂದು ಪುಟವನ್ನು ಮೇಜಿನ ಮೇಲಿಟ್ಟೆ. ಅವರು ಓದಿದರು. "ಮೊದಲೇ ಯಾಕೆ ಬರೆಯಲಿಲ್ಲ?" ಎಂದರು. ಮರೆತದ್ದು, ಕಾಗದ ಸಿಕ್ಕಿದ್ದು ಎಲ್ಲವನ್ನೂ ಹೇಳಿದೆ. ಪಕ್ಕದಲ್ಲಿದ್ದ ಕ್ಯಾಪ್ಟನ್ "82 ಮಾತ್ರವೇ?" ಎಂದು ನಕ್ಕರು. ಎರಡು ನಿಮಿಷವೂ ಆಗಿರಲಿಲ್ಲ, ಲಾಗ್‌ಬುಕ್ ತೆರೆದರು. ಆ ಕೆಲಸವೇನೋ ನನಗೆ ಸಿಗಲಿಲ್ಲ. ಮಧ್ಯಾಹ್ನ ಸಿಮ್ಯುಲೇಟರ್‌ನಲ್ಲಿ ನಾನು ಮಾಡಿದ ಇಳಿಯುವಿಕೆಯನ್ನು ಕಂಡಿದ್ದರೆ ನೀವೂ ಕೊಡುತ್ತಿರಲಿಲ್ಲ.

"ಅವರಿಗೆ ಹೇಗೆ ಗೊತ್ತಾಗುತ್ತದೆ?" ಎನ್ನುವುದು ಮುಂದಿನ ಪ್ರಶ್ನೆ. ಪೈಲಟ್ ಒಬ್ಬನನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ಏರ್‌ಲೈನ್‌ಗಳು ರಾಷ್ಟ್ರೀಯ ಚಾಲಕರ ನೋಂದಣಿಯನ್ನು, ಅಂದರೆ ಎನ್‌ಡಿಆರ್ ಅನ್ನು, ಕಡ್ಡಾಯವಾಗಿ ನೋಡಬೇಕು. ಲೈಸೆನ್ಸ್ ರದ್ದಾದವರು, ಅಮಾನತಾದವರು, ಕುಡಿದು ಓಡಿಸಿದಂಥ ಗಂಭೀರ ಅಪರಾಧ ಮಾಡಿದವರು ಅದರಲ್ಲಿರುತ್ತಾರೆ. ಸಾಮಾನ್ಯ ಸ್ಪೀಡಿಂಗ್ ಟಿಕೆಟ್ ಅಲ್ಲಿರುವುದಿಲ್ಲ. ಅದು ಇರುವುದು ರಾಜ್ಯದ ದಾಖಲೆಯಲ್ಲಿ, ಸ್ಥಳೀಯ ಕೋರ್ಟಿನ ಕಡತದಲ್ಲಿ. ಇದರ ಜೊತೆಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ನಡೆಸುವ ಪೈಲಟ್ ದಾಖಲೆಗಳ ಡೇಟಾಬೇಸ್ ಒಂದಿದೆ. 2009ರ ಫೆಬ್ರವರಿ 12ರಂದು ಬಫಲೋ ಬಳಿ ಕೋಲ್ಗನ್ ಏರ್‌ನ 3407ನೇ ವಿಮಾನ ಬಿದ್ದು 50 ಜನ ಸತ್ತರು. ಆ ವಿಮಾನದ ಕ್ಯಾಪ್ಟನ್ ಹಿಂದೆ ಚೆಕ್‌ರೈಡ್‌ಗಳಲ್ಲಿ ಫೇಲಾಗಿದ್ದ, ಅವೆಲ್ಲವನ್ನೂ ಕೆಲಸದ ಅರ್ಜಿಯಲ್ಲಿ ತಿಳಿಸಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. 2010ರಲ್ಲಿ ಕಾನೂನು ಬಂತು. ಏರ್‌ಲೈನ್ ಪೈಲಟ್ ಆಗಲು ಸಾಮಾನ್ಯವಾಗಿ 1500 ಗಂಟೆಯ ಹಾರಾಟ ಬೇಕೆನ್ನುವ, ನೀವೆಲ್ಲ ಶಪಿಸುವ ನಿಯಮ, ಈ ಡೇಟಾಬೇಸ್ ಎರಡೂ ಅದೇ ಕಾನೂನಿನ ಮಕ್ಕಳು. ಅರ್ಜಿಯಲ್ಲಿ ಬಿಟ್ಟುಹೋದ ಒಂದು ಸಾಲನ್ನು ಕಂಡರೆ ನೇಮಕಾತಿಯವರ ಹುಬ್ಬು ಯಾಕೆ ಏರುತ್ತದೆ ಎಂದು ಕೇಳುವವರಿಗೆ ಇಷ್ಟು ಸಾಕು. 82ರ ಟಿಕೆಟ್ಟನ್ನು ಮುಚ್ಚಿಟ್ಟವನು ಫೇಲಾದ ಚೆಕ್‌ರೈಡನ್ನು ಮುಚ್ಚಿಡುವುದಿಲ್ಲ ಎಂದು ಅವರು ಯಾಕೆ ನಂಬಬೇಕು?

ಅರ್ಜಿಯ ಕೊನೆಯಲ್ಲಿ ಬರೆದದ್ದೆಲ್ಲ ನಿಜ ಎಂದು ಸಹಿ ಹಾಕಿರುತ್ತೀರಿ. ಸುಳ್ಳೆಂದು ಕೆಲಸಕ್ಕೆ ಸೇರಿದ ಮೇಲೆ ಗೊತ್ತಾದರೂ ತೆಗೆದುಹಾಕಬಹುದು ಎಂಬ ಒಕ್ಕಣೆ ಆ ಸಹಿಯ ಮೇಲ್ಗಡೆಯೇ ಇರುವುದು ಸಾಮಾನ್ಯ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಏರ್‌ಲೈನ್ ಕೇಳುವುದು ಒಂದು, ಎಫ್‌ಎಎ ಕೇಳುವುದು ಇನ್ನೊಂದು. ಬರಿಯ ಸ್ಪೀಡಿಂಗ್ ಟಿಕೆಟ್ಟಿಗಾಗಿ ಎಫ್‌ಎಎಗೆ ಪತ್ರ ಬರೆಯಬೇಕಾಗಿಲ್ಲ. ಮದ್ಯ ಅಥವಾ ಮಾದಕ ವಸ್ತುವಿಗೆ ಸಂಬಂಧಿಸಿ ಶಿಕ್ಷೆಯೋ ಚಾಲನಾ ಲೈಸೆನ್ಸಿನ ಅಮಾನತೋ ಆದರೆ ಮಾತ್ರ 61.15ನೇ ನಿಯಮದಂತೆ 60 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಪೈಲಟ್‌ಗಳ ವೈದ್ಯಕೀಯ ಪರೀಕ್ಷೆಗೆಂದು ಎಫ್‌ಎಎಗೆ ಕೊಡುವ ಅರ್ಜಿಯಲ್ಲಿ ಬರೆದಿದ್ದೇನಲ್ಲ ಎಂದು ಸುಮ್ಮನಾಗುವಂತಿಲ್ಲ, ಅದು ಬೇರೆ, ಇದು ಬೇರೆ. ಆ ವೈದ್ಯಕೀಯ ಅರ್ಜಿಯ 18ನೇ ಕಲಮಿನಲ್ಲಿ ಬಹಳ ಜನ ಗಮನಿಸದ ಒಂದು ಮಾತಿದೆ: ಕುಡಿತದ ಪ್ರಕರಣವಷ್ಟೇ ಅಲ್ಲ, ಯಾವ ಕಾರಣಕ್ಕೆ ಲೈಸೆನ್ಸ್ ಅಮಾನತಾಗಿದ್ದರೂ ಅದು ಕೇಳುತ್ತದೆ. ಅದರಿಂದಾಗಿ ತಿಳಿವಳಿಕೆಯ ಅಥವಾ ಪುನರ್ವಸತಿಯ ತರಗತಿಗೆ ಕೂರಬೇಕಾಗಿ ಬಂದಿದ್ದರೂ ಕೇಳುತ್ತದೆ. ಅಂದರೆ ಟಿಕೆಟ್ ಮೇಲೆ ಟಿಕೆಟ್ ಬಿದ್ದು ಲೈಸೆನ್ಸ್ ಹೋದವನು ಅಲ್ಲಿ "ಹೌದು" ಎನ್ನಬೇಕು. ಆ ಅರ್ಜಿಯಲ್ಲಿ ಬೇಕೆಂದೇ ಸುಳ್ಳು ಬರೆಯುವುದು ಕೇಂದ್ರ ಸರ್ಕಾರದ ಕಾನೂನಿನಡಿ ಅಪರಾಧ, ಐದು ವರ್ಷದವರೆಗೆ ಜೈಲಾಗಬಹುದು. ಪೈಲಟ್ ಲೈಸೆನ್ಸ್ ಕೂಡ ಕೈಬಿಟ್ಟು ಹೋಗಬಹುದು. ಕುಡಿದು ಓಡಿಸಿದ ಪ್ರಕರಣವಿರುವವರು ನನ್ನ ಮಾತು ಕೇಳಿಕೊಂಡು ಕೂರಬೇಡಿ, ವಿಮಾನಯಾನದ ವಕೀಲರನ್ನು ಕಾಣಿ. ಅದು ಫೋನಿನಲ್ಲಿ ಮುಗಿಯುವ ವಿಷಯವಲ್ಲ.

ನೆನಪಿಲ್ಲದವರು ಏನು ಮಾಡಬೇಕು? ಲೈಸೆನ್ಸ್ ಇದ್ದ ಪ್ರತಿ ರಾಜ್ಯದಿಂದಲೂ ನಿಮ್ಮ ಚಾಲನಾ ದಾಖಲೆಯನ್ನು ತರಿಸಿಕೊಳ್ಳಿ. ಮೂರು ವರ್ಷದ್ದೋ ಪೂರ್ತಿಯದ್ದೋ ಎಂದು ಕೇಳಿದರೆ ಪೂರ್ತಿಯದ್ದನ್ನೇ ಕೇಳಿ. ಎನ್‌ಡಿಆರ್‌ನಲ್ಲಿ ನಿಮ್ಮ ಹೆಸರಿದೆಯೇ ಎಂದೂ ಬರೆದು ಕೇಳಬಹುದು, ಅದಕ್ಕೆ ಶುಲ್ಕವಿಲ್ಲ. ಟಿಕೆಟ್ ಬಿದ್ದ ಊರು ನೆನಪಿದ್ದರೆ ಅಲ್ಲಿನ ಕೋರ್ಟಿನ ಗುಮಾಸ್ತರಿಗೆ ಒಂದು ಫೋನ್ ಮಾಡಿ, ಬೇಸರಪಟ್ಟುಕೊಂಡಾದರೂ ಹುಡುಕಿಕೊಡುತ್ತಾರೆ. ಇಷ್ಟಾದರೂ ದಿನಾಂಕ ಸಿಗದಿದ್ದರೆ ತಿಂಗಳು, ವರ್ಷ ಬರೆದು "ಅಂದಾಜು" ಎಂದು ಸೇರಿಸಿ. ಮನಸ್ಸಿನಿಂದ ಒಂದು ದಿನಾಂಕ ಸೃಷ್ಟಿಸಬೇಡಿ.

ಸಂದರ್ಶನದಲ್ಲಿ ಕೇಳಿದರೆ ಮೂರು ವಾಕ್ಯ ಸಾಕು: ಎಲ್ಲಿ, ಎಷ್ಟು ವೇಗ, ಏನಾಯಿತು. ರಸ್ತೆ ಖಾಲಿ ಇತ್ತು, ಪೊಲೀಸಿನವನ ರೇಡಾರ್ ಸರಿಯಿರಲಿಲ್ಲ, ಎಲ್ಲರೂ ಅಷ್ಟೇ ವೇಗದಲ್ಲಿದ್ದರು ಎಂದು ಶುರು ಮಾಡಿದಿರೋ, ನಾಳೆ ಸಿಮ್ಯುಲೇಟರ್‌ನಲ್ಲಿ ತಪ್ಪಾದಾಗಲೂ ಹೀಗೆಯೇ ಹೇಳುತ್ತಾನೆ ಎಂದು ಎದುರಿಗಿದ್ದವರು ಅಂದುಕೊಳ್ಳುತ್ತಾರೆ. ನಾನಿದ್ದರೂ ಅಂದುಕೊಳ್ಳುತ್ತೇನೆ. ಹತ್ತು ವರ್ಷದ ಹಿಂದಿನ ಒಂದೋ ಎರಡೋ ಟಿಕೆಟ್ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಕಳೆದ ಎರಡು ವರ್ಷದಲ್ಲೇ ನಾಲ್ಕು ಬಿದ್ದಿದ್ದರೆ ಕಥೆ ಬೇರೆ. ಅದಕ್ಕೆ ಅರ್ಜಿಯಲ್ಲಿ ಉಪಾಯವಿಲ್ಲ, ಕಾರಿನಲ್ಲಿದೆ.

ಕಳೆದ ವಾರದ ಹುಡುಗನ ಬಳಿ ಮೂರು ಟಿಕೆಟ್ ಇದ್ದವು. ಅರ್ಜಿಯ ಪ್ರಶ್ನೆಯನ್ನು ಅವನಿಂದಲೇ ಓದಿಸಿದೆ, ಮೂರನ್ನೂ ಬರೆಯುವುದೆಂದು ತೀರ್ಮಾನವಾಯಿತು. ಫೋನ್ ಇಟ್ಟು ದೀಪ ಆರಿಸಿದ್ದೆ, ಮತ್ತೆ ರಿಂಗಾಯಿತು.

"ಸರ್, ಒಂದು ಪಾರ್ಕಿಂಗ್ ಟಿಕೆಟ್ಟೂ ಇತ್ತು..."

"ಪ್ರಶ್ನೆ ಓದು."

ಓದಿದ. ಪಾರ್ಕಿಂಗ್ ದಂಡವನ್ನು ಹೊರತುಪಡಿಸಿ ಎಂದು ಅದರಲ್ಲೇ ಇತ್ತು.

"ಮಲಗಪ್ಪ" ಎಂದೆ.